ಬಾಯಲ್ಲಿದ್ದ ವಾಷರ್

ಮೌನಿಯ ಬಾಯಲ್ಲಿ ಸದಾ ಏನಾದರೊಂದು ಇರುತ್ತಿತ್ತು. ಸ್ಕ್ರೂ, ನಟ್ಟು, ಫ್ಯೂಸು, ಟೇಪಿನ ತುಂಡು. ಗಾಡಿಗಳ ಕರೆಂಟಿನ ಕೆಲಸವೆಂದರೆ ಎರಡು ಕೈ ಸಾಲದ ಕೆಲಸ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ವೈರು, ಬಿಚ್ಚಿದ ಸಣ್ಣಪುಟ್ಟ ಸಾಮಾನೆಲ್ಲ ತುಟಿಗಳ ನಡುವೆ. ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡವನನ್ನು ಯಾರು ಏನೇ ಕೇಳಲಿ, ‘ಹ್ಞೂಂ’, ‘ಉಹ್ಞೂಂ’ ಇವೆರಡೇ ಉತ್ತರ. ಆ ಹೆಸರು ಬಿದ್ದದ್ದು ಹಾಗೆ. ಬಾಯಿ ಖಾಲಿಯಿದ್ದಾಗ ಮಾತ್ರ ಅವನಷ್ಟು ವಾಚಾಳಿ ಆ ಬೀದಿಯಲ್ಲೇ ಇನ್ನೊಬ್ಬನಿರಲಿಲ್ಲ. ಪಕ್ಕದ ಪಂಕ್ಚರ್ ಅಂಗಡಿಯವನಂತೂ ಮಧ್ಯಾಹ್ನದ ನಿದ್ದೆ ಹತ್ತುವ ಹೊತ್ತಿಗೆ, ಪುಣ್ಯಾತ್ಮ, ಎರಡು ಸ್ಕ್ರೂ ಬಾಯಿಗೆ ಹಾಕ್ಕೋ, ನಮಗೂ ಸ್ವಲ್ಪ ನೆಮ್ಮದಿ ಸಿಗಲಿ ಎಂದು ಅಲ್ಲಿಂದಲೇ ಕೂಗುತ್ತಿದ್ದ.

ಈ ಚಟ ಅಪ್ಪನಿಂದ ಬಂದದ್ದು. ಅಪ್ಪನೂ ಅದೇ ಅಂಗಡಿಯಲ್ಲಿ ಅದೇ ಕೆಲಸ ಮಾಡಿದವನು. ಒಂದು ಗಾಡಿ ಹಿಡಿಸುವಷ್ಟೇ ಅಗಲದ ಜಾಗ, ಆಸಿಡ್ ತಿಂದು ಗುಳಿಬಿದ್ದ ನೆಲ, ಗೋಡೆಯ ಮೊಳೆಗಳಿಗೆ ಬಣ್ಣಬಣ್ಣದ ವೈರಿನ ಸುರುಳಿಗಳು, ಮೂಲೆಯಲ್ಲಿ ಗುಂಯ್‌ಗುಡುವ ಚಾರ್ಜರ್. ಚಿಕ್ಕಂದಿನಲ್ಲಿ ಮೌನಿ ಅಲ್ಲೇ ಸ್ಟೂಲಿನ ಕೆಳಗೆ ಕೂತು ಅಪ್ಪನ ಹಾಗೇ ಬಾಯಿಗೆ ನಟ್ಟು ತುಂಬಿಕೊಳ್ಳುತ್ತಿದ್ದ. ಅದನ್ನು ಕಂಡ ತಕ್ಷಣ ಅವನ ಅಕ್ಕ ಓಡಿಬಂದು ಗದ್ದದ ಕೆಳಗೆ ಅಂಗೈ ಹಿಡಿದು, “ಉಗುಳು” ಎನ್ನುತ್ತಿದ್ದಳು. ಅಷ್ಟೇ ಮಾತು. ಅವನು ಉಗುಳುತ್ತಿದ್ದ. ಅಮ್ಮ ಹೊಡೆದರೂ ಬಾಯಿ ಬಿಡದವನು ಅಕ್ಕನ ಅಂಗೈ ಕಂಡರೆ ಬಿಡುತ್ತಿದ್ದ.

ಅಪ್ಪನ ಕೊನೆಗಾಲ ಮಾತ್ರ ಯಾರಿಗೂ ಬೇಡದಂಥದ್ದು. ಒಂದು ದಿನ ಒಂದು ಟ್ಯಾಕ್ಸಿಯ ಬ್ಯಾಟರಿ ವೈರು ಬದಲಿಸಿ ಕಳಿಸಿದ್ದ. ಆ ಗಾಡಿ ದೊಡ್ಡ ರಸ್ತೆಗೆ ಹೋಗಿ ಹೊತ್ತಿಕೊಂಡು ಉರಿಯಿತು. ಡ್ರೈವರ್ ಹಾರಿಕೊಂಡು ಬದುಕಿದ. ಗಾಡಿಯ ಉಳಿದ ಅಸ್ಥಿಪಂಜರವನ್ನು ರಸ್ತೆಯ ಬದಿಗೆ ತಳ್ಳಲು ಹೋದವರಲ್ಲಿ ಮೌನಿಯೂ ಒಬ್ಬ. ಆಗಿನ್ನೂ ಮೀಸೆ ಚಿಗುರಿದ ಪ್ರಾಯ. ಸೀಟು ಸುಟ್ಟು ಹೋಗಿ ಬರೀ ಸ್ಪ್ರಿಂಗುಗಳು ನೆಟ್ಟಗೆ ನಿಂತಿದ್ದವು. ಆ ವಾಸನೆ ಇಂದಿಗೂ ಅವನ ಮೂಗು ಬಿಟ್ಟು ಹೋಗಿಲ್ಲ. ನಟ್ಟು ಬಿಗಿ ಮಾಡಿರಲಿಲ್ಲವೇ ಎಂದು ಜನ ಕೇಳಿದಾಗ ಅಪ್ಪ ಎದೆ ತಟ್ಟಿಕೊಂಡು, ನಾನೇ ನನ್ನ ಕೈಯಾರೆ ಬಿಗಿ ಮಾಡಿದ್ದೆ ಎಂದ. ಸುಳ್ಳು ಹೇಳಲಿಲ್ಲ ಅವನು. ಅವನ ತಲೆಯೊಳಗೆ ಆ ನಟ್ಟು ಬಿಗಿಯಾಗಿಯೇ ಇತ್ತು. ಆಮೇಲಾಮೇಲೆ ಮನೆಯ ದಾರಿ ಮರೆಯಿತು, ಊಟ ಮಾಡಿದ್ದು ಮರೆಯಿತು. ಕೊನೆಕೊನೆಗೆ ಮಗನನ್ನೇ ನೋಡಿ ಬಹಳ ಮರ್ಯಾದೆಯಿಂದ, “ನೀವು ಯಾವ ಗಾಡಿ ತಂದಿದೀರಿ?” ಎಂದು ಕೇಳುತ್ತಿದ್ದ.

ಟ್ಯಾಕ್ಸಿ ಸುಟ್ಟಾಗ ಅಪ್ಪನಿಗೆ ಎಷ್ಟು ವಯಸ್ಸೋ, ಈಗ ಮೌನಿಗೆ ಅಷ್ಟೇ ವಯಸ್ಸು.

ಇನ್ನು ಅಕ್ಕನ ಜೀಪಿನ ವಿಷಯ. ಸೈನ್ಯದವರು ಹರಾಜಿಗೆ ಹಾಕಿದ್ದನ್ನು ಭಾವ ಯಾವ ಕಾಲದಲ್ಲೋ ಹಿಡಿದು ತಂದದ್ದು. ಭಾವ ಹೋದ ಮೇಲೆ ಅಕ್ಕನೇ ಸ್ಟಿಯರಿಂಗ್ ಹಿಡಿದಳು. ಊರಾಚೆಯ ಗುಡ್ಡದ ನೆತ್ತಿಯಲ್ಲಿ ಒಂದು ಫೋನ್ ಟವರ್ರು, ಅದರ ಸುತ್ತ ಒಂದಷ್ಟು ಮನೆ. ಡಾಂಬರು ಮುಗಿದ ಮೇಲೆ ಆ ಕಲ್ಲುದಾರಿಯನ್ನು ಹತ್ತುವ ಗಾಡಿ ಇದೊಂದೇ. ಅಕ್ಕ ಅದನ್ನು ‘ಮುದುಕಿ’ ಎಂದೇ ಕರೆಯುತ್ತಿದ್ದಳು. ಎದುರಿಗಿರುವವರು ತನ್ನನ್ನೇ ನೋಡಿ ನಕ್ಕರೆ, ನಾನಲ್ಲ ಕಣ್ರೀ, ಇವಳು ಎಂದು ಬಾನೆಟ್ಟಿಗೆ ಗುದ್ದುತ್ತಿದ್ದಳು. ಅವಳು ಹೊರಟಾಗಲೆಲ್ಲ ಮೌನಿ ತಪ್ಪದೆ ಹೇಳುವ ಮಾತೊಂದಿತ್ತು: “ಮುಟ್ಟಿದ ತಕ್ಷಣ ಫೋನ್ ಮಾಡು.” ದಾರಿಯುದ್ದಕ್ಕೂ ಸಿಗ್ನಲ್ ಸಿಗುವುದಿಲ್ಲ, ಟವರ್ ಇರುವ ನೆತ್ತಿ ಮುಟ್ಟಿದ ಮೇಲೇ ಫೋನು. ಆ ಫೋನು ಬರುವ ತನಕ ಅವನಿಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಮುದುಕಿ ಮುಷ್ಕರ ಹೂಡಿದ್ದಳು. ಕೀಲಿ ತಿರುಗಿಸಿದರೆ ‘ಟಿಕ್’ ಎನ್ನುತ್ತಾಳೆ, ಅಷ್ಟೇ. ದಾರಿಯಲ್ಲಿ ಸಿಕ್ಕವರ ಕೈಕಾಲು ಹಿಡಿದು ತಳ್ಳಿಸಿಕೊಂಡು ಅಕ್ಕ ಅಂಗಡಿಗೆ ಬಂದಿದ್ದಳು. ಹಿಂದಿನ ಸೀಟಿನಲ್ಲಿ ಗುಡ್ಡದ ಮೇಲಿನ ಅಜ್ಜ, ಅಜ್ಜಿ. ಅಜ್ಜನಿಗೆ ಕಣ್ಣಿನ ಆಪರೇಷನ್ ಆಗಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಕುಲುಕಾಡಬಾರದು, ಬೇಗ ಮನೆ ಸೇರಿಸಿ ಎಂದು ಆಸ್ಪತ್ರೆಯವರು ಹೇಳಿದ್ದರಂತೆ. ಅಕ್ಕನ ಗಾಡಿಯಲ್ಲಿ ಕೂತವರಿಗೆ ಹೇಳುವ ಮಾತೇ ಅದು?

ಸೊಲೆನಾಯ್ಡ್ ಹೋಗಿದೆ ಎಂದು ಮೌನಿಗೆ ಆ ಸದ್ದಿನಲ್ಲೇ ತಿಳಿಯಿತು. ಬ್ಯಾಟರಿಯಿಂದ ಬರುವ ದಪ್ಪ ಕೇಬಲ್ಲನ್ನು ಸ್ಟಾರ್ಟರ್ ಮೋಟರಿಗೆ ಕೂಡಿಸುವ, ಲೋಟದ ಗಾತ್ರದ ತಗಡಿನ ಡಬ್ಬಿ ಅದು. ಕೀಲಿ ತಿರುಗಿಸಿದಾಗ ಒಳಗಿನ ತಾಮ್ರದ ಬಿಲ್ಲೆ ಎದ್ದು ಎರಡೂ ಕಡೆಗೆ ತಾಗಬೇಕು. ಬಿಲ್ಲೆ ಸವೆದು ಸುಟ್ಟು ಕರಿಹಿಡಿದಿತ್ತು. ಹಳೆಯ ನಮೂನೆಯದು ಈಗೆಲ್ಲಿ ಸಿಗಬೇಕು? ಹೊಸದನ್ನು ತರಿಸಿದ, ತೂತಿಗೆ ತೂತು ಕೂಡಲಿಲ್ಲ. ಕಬ್ಬಿಣದ ಪಟ್ಟಿಯೊಂದನ್ನು ಕತ್ತರಿಸಿ, ಕೊರೆದು, ಗಾಡಿಯ ಮೈಗೆ ಬಿಗಿದು, ಸೊಲೆನಾಯ್ಡನ್ನು ಅದರ ಮೇಲೆ ಕೂರಿಸಿದ. ಈಗ ಬ್ಯಾಟರಿಯ ಬೋಲ್ಟು ಆ ಪಟ್ಟಿಯ ತೂತಿನ ಮೂಲಕವೇ ಹೊರಗೆ ಬರಬೇಕು, ಆದರೆ ಪಟ್ಟಿಗೆ ತಾಗಬಾರದು. ಅದಕ್ಕೆ ನಡುವೆ ಕರೆಂಟು ದಾಟಲು ಬಿಡದ ಒಂದು ಕೆಂಪು ಫೈಬರ್ ವಾಷರ್. ಬೆರಳಿನ ಉಗುರಿನಷ್ಟು ಸಾಮಾನು. ಅದಿಲ್ಲದಿದ್ದರೆ ಸಮನೆಲದಲ್ಲಿ ಏನೂ ಆಗುವುದಿಲ್ಲ, ಕೂದಲೆಳೆಯಷ್ಟು ಜಾಗ ಇರುತ್ತದೆ. ಕಲ್ಲುದಾರಿಯಲ್ಲಿ ಗಾಡಿ ಕುಲುಕಿದರೆ ಬೋಲ್ಟು ಪಟ್ಟಿಗೆ ತಾಗುತ್ತದೆ. ತಾಗಿದರೆ ನಡುವೆ ಫ್ಯೂಸೂ ಇಲ್ಲ ಏನೂ ಇಲ್ಲ, ಬ್ಯಾಟರಿಯ ಇಡೀ ಕರೆಂಟು ಆ ಕೇಬಲ್ಲಿನಲ್ಲಿ ನುಗ್ಗಿ ಅದು ಕೆಂಡವಾಗುತ್ತದೆ. ಪೆಟ್ರೋಲಿನ ಪೈಪು ಹೋಗಿರುವುದು ಅದರ ಪಕ್ಕದಲ್ಲೇ.

ಬಾನೆಟ್ಟಿನೊಳಗೆ ಕತ್ತಲು. ಅಕ್ಕ ಟಾರ್ಚ್ ಹಿಡಿದು ನಿಂತಿದ್ದಳು. ಮೌನಿಯ ಬಾಯಲ್ಲಿ ವಾಷರ್ ಇತ್ತು; ಸುಟ್ಟ ರಟ್ಟಿನಂಥ ಅದರ ರುಚಿ ನಾಲಿಗೆಗೆ ತಿಳಿಯುತ್ತಿತ್ತು. ಸುಮ್ಮನೆ ನಿಲ್ಲುವ ಜಾಯಮಾನ ಅಕ್ಕನದಲ್ಲ.

“ನಿನ್ನ ಭಾವನೂ ಹಿಂಗೇ ಕಣೋ. ಎದ್ದೇಳಿ ಅಂದ್ರೆ ಮಲಗಿದ್ದಲ್ಲೇ ‘ಟಿಕ್’ ಅಂತ ನಾಲಿಗೆ ಹೊಡೀತಿದ್ರೇ ಹೊರತು ಏಳ್ತಾ ಇರ್ಲಿಲ್ಲ. ಅವರಿಗೂ ಒಂದು ಸೊಲೆನಾಯ್ಡ್ ಹಾಕ್ಸಿದ್ರೆ ಆಗೋದು.”

ಮೌನಿಗೆ ನಗು ತಡೆಯಲಾಗಲಿಲ್ಲ. ಬಾಯಿ ಮುಚ್ಚಿಕೊಂಡೇ ನಕ್ಕ, ನೆತ್ತಿಗೆ ಹತ್ತಿತು, ಕೆಮ್ಮಿದ, ಕಣ್ಣಲ್ಲಿ ನೀರು ಬಂತು. ಅಕ್ಕ ಬೆನ್ನಿಗೆ ಗುದ್ದಿದಳು. ಆಮೇಲೆ ನಟ್ಟು ಬಿಗಿಯಾಯಿತು, ಕೀಲಿ ತಿರುಗಿತು, ಮುದುಕಿ ಒಂದೇ ಏಟಿಗೆ ಎದ್ದು ಕೂತಳು. ಅಜ್ಜಿ ಹಿಂದಿನಿಂದ, ನಿಮ್ಮ ಬಾಯಿಗೆ ಸಕ್ಕರೆ ಹಾಕ ಎಂದಳು. ಮುಟ್ಟಿದ ತಕ್ಷಣ ಫೋನ್ ಮಾಡು ಎಂದು ಮೌನಿ ಕೂಗುವಷ್ಟರಲ್ಲಿ ಜೀಪು ಬೀದಿಯ ತಿರುವು ದಾಟಿತ್ತು.

ಮನೆಗೆ ಹೋಗಿ ಊಟಕ್ಕೆ ಕೂತ. ಮೊದಲ ತುತ್ತು ಗಂಟಲಲ್ಲಿ ಇಳಿಯುವಾಗ ಏನೋ ಗೀಚಿದ ಹಾಗಾಯಿತು. ನೀರು ಕುಡಿದ. ಮತ್ತೆ ಗೀಚಿತು. ಏನಾಯ್ತು, ಮುಖ ಯಾಕೆ ಹಾಗಾಯ್ತು ಎಂದು ಹೆಂಡತಿ ಕೇಳಿದಳು. ಏನಿಲ್ಲ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದ. ಆ ಮಾತು ಬಾಯಿಂದ ಹೊರಬಿದ್ದದ್ದೇ ತಡ, ನಾಲಿಗೆಯ ಮೇಲೆ ಸುಟ್ಟ ರಟ್ಟಿನ ರುಚಿ ಮರಳಿ ಬಂತು.

ಎಂಜಲು ಕೈಯಲ್ಲೇ ಎದ್ದು ಅಂಗಡಿಗೆ ಓಡಿದ. ನೆಲ ಗುಡಿಸಿದ, ಕಸದ ಡಬ್ಬಿ ಬೋರಲು ಹಾಕಿದ, ಟಾರ್ಚ್ ಹಿಡಿದು ಮೊಣಕಾಲಿನ ಮೇಲೆ ಮೂಲೆಮೂಲೆ ತಡಕಿದ. ವಾಷರ್ ಇಲ್ಲ. ಅಂದರೆ ಅದು ಇರುವುದು ಎರಡೇ ಕಡೆ. ಒಂದೋ ಜೀಪಿನಲ್ಲಿ, ಇಲ್ಲಾ ತನ್ನ ಹೊಟ್ಟೆಯಲ್ಲಿ. ಪಂಕ್ಚರ್ ಅಂಗಡಿಯವನು ವಿಷಯ ಕೇಳಿ, “ಹೊಟ್ಟೇಲಿದ್ರೆ ಚಿಂತೆ ಬಿಡು, ನಾಳೆ ಬೆಳಿಗ್ಗೆ ತಾನಾಗೇ ಸಿಗುತ್ತೆ” ಎಂದ. ಬೇರೆ ದಿನವಾಗಿದ್ದರೆ ಅದಕ್ಕೆ ತಕ್ಕ ಉತ್ತರ ಸಿಗುತ್ತಿತ್ತು. ಮೌನಿ ತಲೆಯೆತ್ತದೆ ಮತ್ತೆ ನೆಲ ತಡಕಿದ. ಪಂಕ್ಚರ್‌ನವನು ನಗು ನುಂಗಿಕೊಂಡು, ಅಕ್ಕನಿಗೆ ಫೋನಾದ್ರೂ ಮಾಡು ಎಂದ. ಅದಾಗಲೇ ಮಾಡಿಯಾಗಿತ್ತು. ನೀವು ಕರೆ ಮಾಡಿದವರು ಸಿಗುತ್ತಿಲ್ಲ ಎಂದು ಅದೇ ಹೆಂಗಸಿನ ಅದೇ ಸಿಹಿದನಿ. ಅಕ್ಕ ದಾರಿಯಲ್ಲಿ ಔಷಧಿ ಕೊಳ್ಳಬೇಕು, ಪೆಟ್ರೋಲ್ ಹಾಕಿಸಬೇಕು ಎಂದಿದ್ದಳು. ಪೆಟ್ರೋಲ್ ಎಂಬ ಶಬ್ದ ನೆನಪಾದೊಡನೆ ಒಂದು ಸ್ಪ್ಯಾನರನ್ನು ಅಂಗಿ ಜೇಬಿಗೆ ಹಾಕಿಕೊಂಡವನೇ ಮೊಪೆಡ್ ಹತ್ತಿದ.

ದಾರಿಯುದ್ದಕ್ಕೂ ಅವನು ಮಾಡಿದ್ದು ಒಂದೇ ಕೆಲಸ, ತನ್ನ ಕೈಗಳನ್ನು ನೆನಪಿಸಿಕೊಳ್ಳುವುದು. ಟಾರ್ಚಿನ ಬೆಳಕು ನೆನಪಿದೆ. ಅಕ್ಕನ ಮಾತು ಅಕ್ಷರ ಬಿಡದೆ ನೆನಪಿದೆ. ಬೆನ್ನಿಗೆ ಬಿದ್ದ ಗುದ್ದು ನೆನಪಿದೆ. ಅಲ್ಲಿಂದ ಮುಂದೆ ನೆನಪಿರುವುದು ನಟ್ಟು ಆಗಲೇ ಬಿಗಿಯಾಗಿರುವುದು, ಸ್ಪ್ಯಾನರ್ ಕೊನೆಯ ಸುತ್ತಿನಲ್ಲಿರುವುದು. ನಡುವೆ ಏನೂ ಇಲ್ಲ. ವೈರು ಕತ್ತರಿಸಿ ಹೋದ ಹಾಗೆ, ಈ ಕಡೆ ಒಂದು ತುದಿ, ಆ ಕಡೆ ಒಂದು ತುದಿ. ಎಷ್ಟು ಸಲ ಹಿಂದೆ ಹೋಗಿ ಹುಡುಕಿದರೂ ಆ ಎರಡು ತುದಿ ಕೂಡಲಿಲ್ಲ.

ಆಗ ಹೊಳೆದದ್ದು ಇನ್ನೊಂದು ಮಾತು. ವಾಷರ್ ಜೀಪಿನಲ್ಲೇ ಇದ್ದರೆ? ಇದ್ದರೆ ಅಕ್ಕ ಉಳಿದಳು. ಆದರೆ ಆಗ ತಾನೇ ಅದನ್ನು ಹಾಕಿದ್ದಾನೆ, ಎಚ್ಚರದಲ್ಲಿ, ಹಾಡುಹಗಲಲ್ಲಿ, ತನ್ನ ಎರಡು ಕೈಯಿಂದ, ಮತ್ತು ಅದು ತನಗೆ ತಿಳಿದೇ ಇಲ್ಲ. ಅಪ್ಪನಿಗೆ ಶುರುವಾದದ್ದೂ ಹೀಗೇ ಅಲ್ಲವೇ? ದೇವರೇ, ವಾಷರ್ ಅಲ್ಲೇ ಇರಲಿ ಎಂದು ಬೇಡಿಕೊಳ್ಳಲು ಹೊರಟ ನಾಲಿಗೆ ಅರ್ಧಕ್ಕೇ ತಡವರಿಸಿತು. ತಡವರಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಗಿ, ಇರಲಿ, ಅಲ್ಲೇ ಇರಲಿ, ನನಗೇನಾದರೂ ಆಗಲಿ ಎಂದು ಗಟ್ಟಿಯಾಗಿಯೇ ಹೇಳಿದ. ಎದುರಿನಿಂದ ಬಂದ ಸೈಕಲ್ಲಿನವನು ತನಗೇ ಏನೋ ಹೇಳಿದನೆಂದು ನಿಂತು ನೋಡಿದ.

ಗುಡ್ಡದ ಬುಡ ಮುಟ್ಟುವಾಗ ಮೇಲಿನ ತಿರುವಿನಿಂದ ಹೊಗೆ ಏಳುತ್ತಿತ್ತು.

ಕಪ್ಪು ಹೊಗೆ. ರಬ್ಬರು ಸುಟ್ಟಂಥ, ಎಣ್ಣೆ ಸುಟ್ಟಂಥ, ಆ ಹಳೆಯ ವಾಸನೆ. ಅವನ ಜೀವ ಬಾಯಿಗೆ ಬಂತು. ಕಣ್ಣಮುಂದೆ ಸೀಟಿನ ಸ್ಪ್ರಿಂಗುಗಳು ನೆಟ್ಟಗೆ ನಿಂತವು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ ಅಜ್ಜ ಯಾವ ಕಡೆಗೆಂದು ಹಾರಿಯಾನು? ಅಜ್ಜಿ ಅವನನ್ನು ಬಿಟ್ಟು ಇಳಿದಾಳೇ? ಅವರಿಬ್ಬರನ್ನು ಬಿಟ್ಟು ಅಕ್ಕ ಇಳಿಯುವ ಪೈಕಿಯೇ? ಮೊಪೆಡ್ಡಿನ ಕಿವಿ ಹಿಂಡಿದ. ಅದು ಕುಂಯ್‌ಗುಟ್ಟಿತೇ ಹೊರತು ವೇಗ ಏರಲಿಲ್ಲ. ತಿರುವು ದಾಟಿದಾಗ ಕಂಡದ್ದು ರಸ್ತೆ ಕೆಲಸದವರು. ಡ್ರಮ್ಮಿನಲ್ಲಿ ಡಾಂಬರು ಕಾಯಿಸುತ್ತಿದ್ದರು.

ಮೌನಿ ಗಾಡಿ ನಿಲ್ಲಿಸಿ, ಜೀಪ್ ಹೋಯಿತೇ ಎಂದು ಕೇಳಿದ. ಹೌದು, ಆಗಲೇ ಹೋಯಿತು ಎಂದರು. ಅದರಿಂದ ಏನಾದರೂ ಸುಟ್ಟ ವಾಸನೆ ಬರುತ್ತಿತ್ತೇ ಎಂದು ಕೇಳಿದ. ಡಾಂಬರಿನ ಹೆಂಗಸು ಮುಖಕ್ಕೆ ಕಟ್ಟಿದ ಬಟ್ಟೆ ಸರಿಸಿ, “ನಮ್ ಹತ್ರ ಕೇಳ್ತೀರಲ್ಲ ಸ್ವಾಮಿ. ನಮಗೆ ಮನೇಲಿ ನೀರು ಕುಡಿದ್ರೂ ಸುಟ್ಟ ವಾಸನೇನೇ” ಎಂದಳು.

ಡಾಂಬರು ಮುಗಿಯಿತು. ಕಲ್ಲುದಾರಿಯ ಮೊದಲ ಏರಿನಲ್ಲೇ ಮೊಪೆಡ್ಡಿನ ಚಕ್ರ ಗಿರಗಿರನೆ ಸುತ್ತಿ ನಿಂತಿತು. ಅದನ್ನು ಪೊದೆಗೆ ಒರಗಿಸಿ, ಕೀಲಿ ಕಿತ್ತು ಸ್ಪ್ಯಾನರ್ ಇದ್ದ ಜೇಬಿಗೇ ಹಾಕಿಕೊಂಡು ಓಡಿದ. ಓಡುವ ವಯಸ್ಸಲ್ಲ, ಓಡುವ ದಾರಿಯೂ ಅಲ್ಲ. ಮೇಲೆಲ್ಲೋ ಜೀಪಿನ ಸದ್ದು ಕೇಳಿಸಿತು. ಸದ್ದು ಇರುವ ತನಕ ಎಲ್ಲ ಸರಿಯಿದೆ ಎಂದುಕೊಂಡ. ಇದ್ದಕ್ಕಿದ್ದಂತೆ ಸದ್ದು ನಿಂತಿತು.

ಬಾಗಿ, ಕೈಯೂರಿ, ಕಲ್ಲು ಹಿಡಿದು ಹತ್ತಿ ಮುಂದಿನ ತಿರುವು ತಲುಪಿದ. ಜೀಪು ಓರೆಯಾಗಿ ನಿಂತಿತ್ತು. ಬಾನೆಟ್ ತೆರೆದಿತ್ತು. ಒಳಗಿಂದ ಬಿಳಿಯದೇನೋ ಬುಸುಗುಟ್ಟುತ್ತ ಏಳುತ್ತಿತ್ತು. ಅಕ್ಕ ಅದರ ಮೇಲೆ ಬಗ್ಗಿದ್ದಳು.

“ಮುಟ್ಟಬೇಡ,” ಎಂದು ಕಿರುಚಿದ. “ಅವರನ್ನ ಇಳಿಸು, ಮೊದಲು ಅವರನ್ನ ಇಳಿಸು.”

ಅಕ್ಕ ಕೈಯಲ್ಲಿದ್ದ ನೀರಿನ ಕ್ಯಾನು ಹಿಡಿದುಕೊಂಡೇ ತಿರುಗಿದಳು. ಆ ತಿರುವಿನಲ್ಲಿ ರೇಡಿಯೇಟರಿಗೆ ನೀರು ಹಾಕುವುದು ಅವಳ ದಿನದ ರೂಢಿ. ಎದ್ದದ್ದು ಬರೀ ಹಬೆ. ಆದರೆ ತಮ್ಮನ ಮುಖ ನೋಡಿ ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಜ್ಜಿಯೂ ಅವಳೂ ಸೇರಿ ಅಜ್ಜನನ್ನು ಇಳಿಸಿ ಬಂಡೆಯ ಮೇಲೆ ಕೂರಿಸಿದರು. ಮನೆ ಬಂತಾ ಎಂದು ಅಜ್ಜ ಕೇಳಿದ. ಇನ್ನೂ ಇಲ್ಲ, ಗಾಳಿಗೆ ಕೂರ್ಸಿದೀವಿ ಎಂದಳು ಅಜ್ಜಿ.

ಮೌನಿ ಮೊದಲು ಬ್ಯಾಟರಿಯ ಕೇಬಲ್ ಕಳಚಿದ. ಆಮೇಲೆ ಸೊಲೆನಾಯ್ಡಿನ ನಟ್ಟಿಗೆ ಸ್ಪ್ಯಾನರ್ ಹಾಕಿದ. ಬೆವರಿಗೆ ಸ್ಪ್ಯಾನರ್ ಜಾರಿತು. ಅಂಗಿಗೆ ಕೈ ಒರೆಸಿಕೊಂಡು ಮತ್ತೆ ಹಾಕಿದ. ನಟ್ಟು ಬಂತು, ಕೇಬಲ್ಲಿನ ತುದಿ ಬಂತು.

ಕೆಂಪು ವಾಷರ್ ತೂತಿನಲ್ಲಿ ಕೂತಿತ್ತು. ಸುಮ್ಮನೆ ಕೂತಿರಲಿಲ್ಲ, ಎಂಥವರೂ ಮೆಚ್ಚುವ ಹಾಗೆ, ಅಂಚು ಅಂಚಿಗೆ ಕೂಡಿ ನೆಟ್ಟಗೆ ಕೂತಿತ್ತು. ಬೆರಳಿನಿಂದ ಮುಟ್ಟಿ ನೋಡಿದ. ಅಲುಗಲಿಲ್ಲ.

ಮೌನಿ ಚಕ್ರಕ್ಕೆ ಒರಗಿ ನೆಲದ ಮೇಲೆ ಕುಸಿದು ಕೂತ. ಅಕ್ಕ ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ವಾಷರ್ ಹಾಕದೆ ಕಳಿಸಿಬಿಟ್ಟೆ, ನುಂಗಿಬಿಟ್ಟೆ ಎಂದುಕೊಂಡು ಬಂದೆ ಎಂದು ಅವನು ತೊದಲುತ್ತ ಹೇಳಿದ.

“ಹಾಕ್ದೆಯಲ್ಲೋ. ನಾನೇ ಟಾರ್ಚ್ ಹಿಡ್ಕೊಂಡು ನೋಡ್ತಿದ್ದೆ. ನಿನ್ನ ಬಾಯಲ್ಲಿದ್ದದ್ದು ಹಳೇ ಸೊಲೆನಾಯ್ಡಿಂದು, ಸೀಳಿ ಹೋಗಿದ್ದದ್ದು. ಕೆಮ್ಮಿದಾಗ ಅರ್ಧ ಹೊರಗೆ ಬಿತ್ತು, ನಾನೇ ಕಾಲಲ್ಲಿ ಚರಂಡಿಗೆ ತಳ್ದೆ. ಇನ್ನರ್ಧ ನೀನು ನುಂಗಿರ್ಬೇಕು. ಹೊಸದನ್ನ ನಿನ್ನ ಕೈಗೆ ಕೊಟ್ಟವಳೇ ನಾನು.”

“ನೀನು ಕೊಟ್ಟೆಯಾ?”

“‘ಕೊಡಕ್ಕಾ’ ಅಂದೆ ನೀನು. ಕೊಟ್ಟೆ.”

ಅವನಿಗೆ ಅದು ಯಾವುದೂ ನೆನಪಿರಲಿಲ್ಲ. ಕೇಳಿದ ಮೇಲೂ ನೆನಪಾಗಲಿಲ್ಲ. ಗಾಳಿ ಬೀಸಿತು, ಬಂಡೆಯ ಮೇಲೆ ಅಜ್ಜ, ಎಲ್ಲ ಇಷ್ಟೊಂದು ಸುಮ್ಮನೆ ಯಾಕಿದೀರಿ ಎಂದು ಗೊಣಗುತ್ತಿದ್ದ.

“ಅಕ್ಕಾ,” ಎಂದ ಮೌನಿ, “ಅಪ್ಪಂಗೆ ಶುರುವಾಗಿದ್ದೂ ಹಿಂಗೇನಾ?”

ಅಕ್ಕ ಎದುರಿನ ಕಣಿವೆಯ ಕಡೆ ನೋಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳುವ ಹೆಂಗಸು ಅವಳು. ಸಮಾಧಾನದ ಮಾತು ಅವಳ ಬಾಯಿಂದ ಬರಬೇಕಾದರೆ ಒಳಗೆ ಬಹಳ ಹುಡುಕಬೇಕಿತ್ತು.

“ಅಪ್ಪ ಯಾವತ್ತೂ ಯಾರ ಹಿಂದೇನೂ ಹಿಂಗೆ ಓಡಿ ಬರ್ಲಿಲ್ಲ,” ಎಂದಳು ಕೊನೆಗೆ. “ಮಾಡದೇ ಇರೋದನ್ನ ಮಾಡಿದೀನಿ ಅಂದ್ಕೊಂಡು ನಿದ್ದೆ ಮಾಡ್ತಿದ್ರು. ನೀನು ಮಾಡಿರೋದನ್ನ ಮಾಡಿಲ್ಲ ಅಂದ್ಕೊಂಡು ಗುಡ್ಡ ಹತ್ತಿದೀಯ. ಎರಡೂ ಒಂದೇ ಆಗುತ್ತೇನೋ?”

ಎರಡೂ ಒಂದೇ ಅಲ್ಲ ಎಂದು ಹೇಳಿದಳೋ, ನಿಜವಾಗಿಯೂ ಕೇಳಿದಳೋ ಅವನಿಗೆ ಗೊತ್ತಾಗಲಿಲ್ಲ. ಎದ್ದು, ಜೇಬಿನಿಂದ ಸ್ಪ್ಯಾನರ್ ಎಳೆದುಕೊಂಡು ಮತ್ತೆ ಬಾನೆಟ್ಟಿನೊಳಗೆ ಬಗ್ಗಿದ. ಕೇಬಲ್ ಇಟ್ಟ, ನಟ್ಟು ತಿರುಗಿಸಿದ, ಬಿಗಿ ಮಾಡಿದ, ಬಿಗಿ ಮಾಡಿದ್ದನ್ನು ಮತ್ತೊಮ್ಮೆ ಎಳೆದು ನೋಡಿದ. ಬ್ಯಾಟರಿ ಕೂಡಿಸಿದ. ಅಕ್ಕ ಪಕ್ಕದಲ್ಲೇ ನಿಂತು ಮಾತಾಡುತ್ತಲೇ ಇದ್ದಳು. ಒಂದು ಸಲ ಡಾಕ್ಟರ ಹತ್ತಿರ ಹೋಗಿ ಬರೋಣ ಎಂದಳು. ಹ್ಞೂಂ ಎಂದ. ನಾನೂ ಜೊತೆಗೆ ಬರ್ತೀನಿ ಎಂದಳು. ಹ್ಞೂಂ ಎಂದ. ಇವತ್ತಿಗೆ ಅಂಗಡಿ ಸಾಕು, ಮನೆಗೆ ಹೋಗಿ ಮಲಗು, ಹೆಂಡತಿಗೆ ಈಗಲೇ ಏನೂ ಹೇಳಿ ಹೆದರಿಸಬೇಡ ಎಂದಳು. ಅದಕ್ಕೂ ಹ್ಞೂಂ.

ಅಜ್ಜನನ್ನು ಎತ್ತಿ ಕೂರಿಸಿದರು. ಅಕ್ಕ ಕೀಲಿ ತಿರುಗಿಸಿದಳು, ಮುದುಕಿ ಒಂದೇ ಏಟಿಗೆ ಎದ್ದಳು. ಮೌನಿ ಹೊರಡಲೆಂದು ಜೇಬಿಗೆ ಕೈ ಹಾಕಿದ. ಮೊಪೆಡ್ಡಿನ ಕೀಲಿ ಇರಲಿಲ್ಲ. ಪ್ಯಾಂಟಿನ ಜೇಬು ನೋಡಿದ. ಚಕ್ರದ ಬಳಿ ಕೂತಿದ್ದ ಜಾಗ ನೋಡಿದ. ಬಾನೆಟ್ಟಿನ ಕೆಳಗೆ ಬಗ್ಗಿ ನೆಲ ತಡಕಿದ. ಮತ್ತೆ ಅದೇ ಅಂಗಿ ಜೇಬು.

ಅಕ್ಕ ಸ್ಟಿಯರಿಂಗ್ ಹಿಡಿದು ಅವನನ್ನೇ ನೋಡುತ್ತಿದ್ದಳು. ಎಂಜಿನ್ ಬಂದ್ ಮಾಡಿ ಇಳಿದು ಬಂದಳು. ಅವನ ಗದ್ದದ ಕೆಳಗೆ ಅಂಗೈ ಹಿಡಿದಳು.

“ಉಗುಳು.”

ಕೀಲಿ ಅವಳ ಅಂಗೈಗೆ ಬಿತ್ತು.

ಏನಂತೆ, ಏನಂತೆ ಎಂದು ಅಜ್ಜ ಕೇಳಿದ. ಕೀಲಿ ಬಾಯಲ್ಲೇ ಇಟ್ಕೊಂಡು ಊರೆಲ್ಲ ಹುಡುಕ್ತಿದ್ರಂತೆ ಎಂದಳು ಅಜ್ಜಿ. ಅಜ್ಜ ಪಟ್ಟಿ ಒತ್ತಿಹಿಡಿದುಕೊಂಡು ನಕ್ಕ, ಅಜ್ಜಿ ನಕ್ಕಳು, ಅಕ್ಕನೂ ನಕ್ಕಳು. ಮೌನಿಗೂ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು. ನಗುತ್ತಲೇ ಅವನು ಗಮನಿಸಿದ, ಎಲ್ಲರಿಗಿಂತ ಮೊದಲು ನಗು ನಿಲ್ಲಿಸಿದ್ದು ಅಕ್ಕ.

ಒದ್ದೆ ಕೀಲಿಯನ್ನು ತನ್ನ ಬಟ್ಟೆಗೆ ಒರೆಸಿ ಅವನ ಕೈಗಿಟ್ಟಳು. ಕೊಟ್ಟವಳು ತಕ್ಷಣ ಬಿಡಲಿಲ್ಲ. ಅವನ ಬೆರಳು ಮಡಚಿ ಮುಷ್ಟಿ ಮಾಡಿ ಅದರ ಮೇಲೆ ತನ್ನ ಕೈ ಇಟ್ಟಳು.

“ಮುಟ್ಟಿದ ತಕ್ಷಣ ಫೋನ್ ಮಾಡು,” ಎಂದಳು.

ಹ್ಞೂಂ ಎಂದು ಅವನು ಇಳಿಯತೊಡಗಿದ. ಬಾಯಿ ಈಗ ಖಾಲಿಯಿತ್ತು, ಆದರೂ ಬೇರೆ ಮಾತು ಹೊರಡಲಿಲ್ಲ. ಮೇಲೆ ಜೀಪೂ ಹೊರಡಲಿಲ್ಲ. ಮೊಪೆಡ್ಡಿನ ಸದ್ದು ಕೇಳುವ ತನಕ ಅಕ್ಕ ಅಲ್ಲೇ ನಿಂತಿದ್ದಳು.